ಪಲ್ಸರ್ 150: ಹಿಂದಿನ ಟೈರು 120 ಹಾಕಿಸೋದಾ, ಮೊದಲಿನ 100 ಸಾಕಾ?

ಪ್ರಶ್ನೆ: ತೋಟದ ದಾರಿ, ಕೊಪ್ಪ

ಗಾಡಿ 2018ರ ಪಲ್ಸರ್ 150. ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಂಪನಿ ಕೊಟ್ಟ ಅಳತೆ ಮುಂದೆ 80/100-17, ಹಿಂದೆ 100/90-17. ಎರಡೂ ಟ್ಯೂಬ್‌ಲೆಸ್, ಅಲಾಯ್ ರಿಮ್.

ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗಿದೆ. ಗ್ರೂವ್ ಒಳಗಿರುವ ಸಣ್ಣ ಅಡ್ಡಗಂಟುಗಳ ಮಟ್ಟಕ್ಕೆ ರಬ್ಬರ್ ಬಂದುಬಿಟ್ಟಿದೆ, ಹಾಗಾಗಿ ಅದನ್ನು ಬದಲಿಸುವುದು ಖಾತ್ರಿ. ಮುಂದಿನದು ಗಾಡಿ ಜೊತೆಗೆ ಬಂದದ್ದೇ. ಗ್ರೂವ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಆದರೆ ಸೈಡ್‌ವಾಲ್ (ಟೈರಿನ ಪಕ್ಕದ ಮೈ) ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿವೆ. ಅದರ ಮೇಲಿನ ನಾಲ್ಕಂಕಿ 1418.

ದಿನಕ್ಕೆ ಹೋಗಿಬರುವುದು 50 ಕಿಮೀ. 44 ಕಿಮೀ ಡಾಂಬರು, ತಿರುವಿನ ರಸ್ತೆ. ಉಳಿದದ್ದು ತೋಟದ ದಾರಿ: ಸ್ವಲ್ಪ ಕಾಂಕ್ರೀಟು, ಸ್ವಲ್ಪ ಕೆಂಪುಮಣ್ಣು. ವಾರದಲ್ಲಿ ಮೂರ್ನಾಲ್ಕು ದಿನ ಹಿಂದೆ ಒಬ್ಬರು ಕೂರುತ್ತಾರೆ. ಮಳೆ ಹಿಡಿಯುವುದಕ್ಕೆ ಮೊದಲು ಹಾಕಿಸಬೇಕು.

ಅಂಗಡಿಯವರು ಹಿಂದೆ 120/80-17 ಹಾಕಿಸಿ, ಹಿಡಿತ ಜಾಸ್ತಿ, ನೋಡೋಕೂ ಚೆಂದ ಅಂತಾರೆ. ಮುಂದಿನದು ಇನ್ನೂ ಎರಡು ವರ್ಷ ಓಡುತ್ತೆ ಅಂತಾರೆ. ಎರಡೂ ಮಾತು ಸರಿಯಾ? ಮಣ್ಣಿನ ದಾರಿ ಇರುವುದರಿಂದ ಬಟನ್ ಟೈರು ನೋಡಬೇಕಾ?

ಉತ್ತರ 1: ಅಳತೆಪಟ್ಟಿ

120 ಬೇಡ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

100/90-17 ಅಂದರೆ ಅಗಲ 100 ಮಿಮೀ, ಎತ್ತರ ಅದರ ಶೇ. 90, ಅಂದರೆ 90 ಮಿಮೀ, ರಿಮ್ 17 ಇಂಚು. 17 ಇಂಚು ಅಂದರೆ 432 ಮಿಮೀ. ಮೇಲೆ 90, ಕೆಳಗೆ 90 ಸೇರಿಸಿದರೆ ಚಕ್ರದ ಒಟ್ಟು ವ್ಯಾಸ 612 ಮಿಮೀ. 120/80-17ಕ್ಕೆ ಎತ್ತರ 96, ಒಟ್ಟು 624. ಚಕ್ರ 12 ಮಿಮೀ ದೊಡ್ಡದಾಯಿತು, ಗೇರು ಆ ಪ್ರಮಾಣದಲ್ಲಿ, ಸುಮಾರು ಶೇ. 2ರಷ್ಟು, ಉದ್ದವಾಯಿತು, ಅಂದರೆ ಎಳೆತ ಅಷ್ಟು ಕಡಿಮೆಯಾಯಿತು. ಮೇಲಿಂದ ಟೈರಿನ ತೂಕವೂ ಹೆಚ್ಚು. 150 ಸಿಸಿ ಗಾಡಿಗೆ ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಇದು ಗೊತ್ತಾಗುತ್ತದೆ.

ಅದು ಸಣ್ಣ ವಿಷಯ. ದೊಡ್ಡದು ರಿಮ್‌ನ ಅಗಲ. ಅಲಾಯ್ ಕಡ್ಡಿಯ ಮೇಲೋ ರಿಮ್ ಅಂಚಿನಲ್ಲೋ ಅಚ್ಚಾಗಿರುವ ಅಂಕಿ ನೋಡಿ. 17 ಜೊತೆಗೆ 2.15, 2.50 ಅನ್ನುವಂಥದ್ದು ಇರುತ್ತದೆ. ಅದೇ ರಿಮ್‌ನ ಒಳಅಗಲ, ಇಂಚಿನಲ್ಲಿ. 120/80 ಟೈರು ಸಾಮಾನ್ಯವಾಗಿ 2.50 ಇಂಚಿಗೆ ಕಡಿಮೆಯಿಲ್ಲದ ರಿಮ್ ಕೇಳುತ್ತದೆ. ಕಿರಿದಾದ ರಿಮ್‌ಗೆ ಅಗಲದ ಟೈರು ಏರಿಸಿದರೆ ಅದರ ಎರಡು ತುಟಿಯನ್ನು ಹಿಸುಕಿ ಹಿಡಿದಂತೆ. ನಡುಭಾಗ ಗುಮ್ಮಟದ ಹಾಗೆ ಮೇಲೇಳುತ್ತದೆ, ನೆಲಕ್ಕೆ ತಾಗುವುದು ನಡುವಿನ ಒಂದು ಪಟ್ಟಿ ಮಾತ್ರ. ನೀವು ದುಡ್ಡು ಕೊಟ್ಟ ಅಗಲ ನೆಲ ಮುಟ್ಟುವುದೇ ಇಲ್ಲ. ನಡು ಬೇಗ ಸವೆಯುತ್ತದೆ, ಗಾಡಿ ಬಾಗಿಸುವಾಗ ಮೊದಲು ಹಟ ಹಿಡಿದು ಆಮೇಲೆ ತಟ್ಟನೆ ಬೀಳುವ ಹಾಗೆ ಆಗುತ್ತದೆ. ತಿರುವಿನ ರಸ್ತೆಯಲ್ಲಿ ಓಡಿಸುವವರಿಗೆ ಇದಕ್ಕಿಂತ ಕೆಟ್ಟ ಗುಣ ಬೇಡ.

"ಪಲ್ಸರ್ 150ಕ್ಕೇ 120 ಬರುತ್ತಲ್ಲ" ಅಂತ ಅಂಗಡಿಯವರು ಹೇಳಬಹುದು. ಬರುತ್ತದೆ, ಟ್ವಿನ್ ಡಿಸ್ಕ್ (ಎರಡೂ ಚಕ್ರಕ್ಕೆ ಡಿಸ್ಕ್) ಮಾಡೆಲ್‌ಗೆ. ಅದರ ಹಿಂದಿನ ಚಕ್ರವೇ ಬೇರೆ.

ಜಾಗದ ಲೆಕ್ಕವೂ ಇದೆ. 20 ಮಿಮೀ ಅಗಲ ಅಂದರೆ ಪ್ರತಿ ಪಕ್ಕಕ್ಕೂ 10 ಮಿಮೀ ಹೊರಗೆ. ಒಂದು ಕಡೆ ಚೈನ್ ಕವರ್, ಇನ್ನೊಂದು ಕಡೆ ಬ್ರೇಕ್ ಡ್ರಮ್ಮನ್ನು ಹಿಡಿದಿರುವ ರಾಡ್. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದಾಗ ತಾಗದೇ ಇರಬಹುದು, ಆದರೆ ಟೈರಿಗೂ ಕವರ್‌ಗೂ ನಡುವೆ ಕೆಂಪುಮಣ್ಣು ತುಂಬಿಕೊಂಡರೆ ಅರೆದು ಅರೆದು ಸೈಡ್‌ವಾಲ್ ಸವೆಯುತ್ತದೆ.

ಸ್ವಲ್ಪವಾದರೂ ಅಗಲ ಬೇಕೇಬೇಕು ಅಂದರೆ 110/80-17 ನೋಡಬಹುದು. ವ್ಯಾಸ 608, ಮೂಲಕ್ಕಿಂತ ಬರೀ 4 ಮಿಮೀ ಕಡಿಮೆ. ಅದೂ ರಿಮ್ ಮೇಲಿನ ಅಂಕಿ ಟೈರು ಕಂಪನಿಯ ಪಟ್ಟಿಗೆ ಹೊಂದಿದರೆ ಮಾತ್ರ. ನನ್ನನ್ನು ಕೇಳಿದರೆ ನಿಮ್ಮ ಓಡಾಟಕ್ಕೆ ಅದರ ಅಗತ್ಯವೂ ಇಲ್ಲ, 100/90-17 ಹಾಕಿಸಿ.

ಅಳತೆಯ ಪಕ್ಕದಲ್ಲಿ 55ಪಿ ಅಂತ ಇರಬೇಕು. 55 ಅಂದರೆ ಆ ಟೈರು 218 ಕೆಜಿ ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿಮೀ ವೇಗದವರೆಗೆ. ಮುಂದಿನದಕ್ಕೆ 46ಪಿ, ಅಂದರೆ 170 ಕೆಜಿ. ಇದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಬೇಡ.

ಉತ್ತರ 2: ಮಲೆನಾಡ ಸವಾರ

ಅಳತೆ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಪ್ರಶ್ನೆ ಓದಿ ನನಗೆ ದಿಗಿಲಾಗಿದ್ದು ಹಿಂದಿನ ಟೈರಿಗಲ್ಲ, ಮುಂದಿನದಕ್ಕೆ. 1418 ಅಂದರೆ 2018ರ 14ನೇ ವಾರ, ಅಂದರೆ ಏಪ್ರಿಲ್ ಮೊದಲ ವಾರದ ಹೊತ್ತಿಗೆ ತಯಾರಾದದ್ದು. ಅಷ್ಟು ಹಳೆಯ ರಬ್ಬರ್ ಗ್ರೂವ್ ಎಷ್ಟೇ ಇದ್ದರೂ ಗಟ್ಟಿಯಾಗಿರುತ್ತದೆ. ಉಗುರು ಒತ್ತಿ ನೋಡಿ, ಹೊಸ ಟೈರಿನಲ್ಲಿ ಗುರುತು ಬಿದ್ದು ಮೆಲ್ಲಗೆ ಮಾಯವಾಗುತ್ತದೆ, ಹಳೆಯದರಲ್ಲಿ ಉಗುರು ಜಾರುತ್ತದೆ. ಒಣ ರಸ್ತೆಯಲ್ಲಿ ಏನೂ ಗೊತ್ತಾಗದು. ಒದ್ದೆ ಡಾಂಬರಿನ ಮೇಲೆ ಮುಂದಿನ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಹಿಂದಿನ ಚಕ್ರ ಜಾರಿದರೆ ಎಷ್ಟೋ ಸಲ ಸಂಭಾಳಿಸಬಹುದು, ಮುಂದಿನದು ಜಾರಿದರೆ ಗಾಡಿ ಮಲಗಿತು ಅಂತಲೇ ಲೆಕ್ಕ. ದಯವಿಟ್ಟು ಎರಡೂ ಒಟ್ಟಿಗೇ ಬದಲಿಸಿ. ಒಂದಕ್ಕೇ ದುಡ್ಡು ಹೊಂದುವುದಾದರೂ ಆ ಬಿರುಕು ಬಿಟ್ಟ ಟೈರಿನಲ್ಲಿ ಮಳೆಗಾಲ ಕಳೆಯಬೇಡಿ.

ಬಟನ್ ಟೈರು ಬೇಡ ಮಾರಾಯ್ರೆ. 50ರಲ್ಲಿ 44 ಕಿಮೀ ಡಾಂಬರು. ಬಟನ್ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ಬ್ರೇಕ್ ಹಿಡಿದಾಗ ಆ ಗುಬುಟುಗಳು ಬಾಗುತ್ತವೆ, ಒದ್ದೆ ತಿರುವಿನಲ್ಲಿ ಗಾಡಿ ತೇಲಿದ ಹಾಗೆ ಆಗುತ್ತದೆ. ಆರು ಕಿಮೀ ಮಣ್ಣಿಗೆ ಎರಡನೇ ಗೇರು, ನಿಧಾನ ವೇಗ, ಅಷ್ಟು ಸಾಕು.

ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿದ್ದರೆ ಯಾವ ಟೈರೂ ಹಿಡಿಯುವುದಿಲ್ಲ, ಇದನ್ನು ನೆನಪಿಡಿ. ಅಲ್ಲಿ ಚಕ್ರ ಓಡಿದ ಜಾಡು ಬಿಟ್ಟು ನಡುವಿನ ಹಸಿರು ಪಟ್ಟಿಗೆ ಹೋಗಬೇಡಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದರೆ ಟೈರಿಗಿಂತ ಹೆಚ್ಚು ಪ್ರಯೋಜನ.

ಇನ್ನು ಗ್ರೂವ್‌ಗಳ ಆಕಾರ. ಮುಂದಿನ ಟೈರಿನಲ್ಲಿ ಉದ್ದುದ್ದ ಗೆರೆಗಳಷ್ಟೇ ಇದ್ದರೆ ನೇರ ರಸ್ತೆಗೆ ಚೆನ್ನ, ಪಕ್ಕಕ್ಕೆ ಜಾರುವುದನ್ನೂ ತಡೆಯುತ್ತದೆ. ಆದರೆ ಕಾಂಕ್ರೀಟಿನ ಉದ್ದ ಸಂದಿಗೆ ಆ ಗೆರೆ ಸಿಕ್ಕಿ ಹ್ಯಾಂಡಲ್ ಎಳೆದ ಹಾಗಾಗುತ್ತದೆ, ಮಣ್ಣಿನಲ್ಲಿ ಗೆರೆ ಪೂರ್ತಿ ತುಂಬಿ ನುಣ್ಣಗಾಗುತ್ತದೆ. ನಿಮಗೆ ಓರೆಯಾಗಿ ಹೊರಗೆ ಹರಿಯುವ ಗ್ರೂವ್‌ಗಳಿರುವ ಟೈರು ಬೇಕು. ನಡುವಿನಿಂದ ಅಂಚಿನವರೆಗೆ ನೀರಿಗೆ ದಾರಿ ಇದೆಯಾ ಅಂತ ಬೆರಳಾಡಿಸಿ ನೋಡಿ. ಅಂಚಿಗೆ ಮುಟ್ಟದೆ ಅರ್ಧದಲ್ಲೇ ನಿಲ್ಲುವ ಗ್ರೂವ್ ನೀರನ್ನು ಅಷ್ಟು ಚೆನ್ನಾಗಿ ಹೊರಹಾಕದು.

ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಮಿಶೆಲಿನ್ ಅಂತ ಹೆಸರಿಗೆ ಜೋತು ಬೀಳಬೇಡಿ. ಒಂದೇ ಕಂಪನಿಯಲ್ಲೇ ಜಾಸ್ತಿ ಕಿಮೀ ಬಾಳುವ ಗಟ್ಟಿ ರಬ್ಬರಿನದೂ ಇರುತ್ತದೆ, ಬೇಗ ಸವೆದರೂ ಒದ್ದೆಯಲ್ಲಿ ಅಂಟಿಕೊಳ್ಳುವ ಮೆತ್ತನೆಯದೂ ಇರುತ್ತದೆ. "ತುಂಬಾ ಬಾಳಿಕೆ" ಅಂತ ಮಾರುವುದನ್ನು ಮಳೆಸೀಮೆಯಲ್ಲಿ ನಾನಂತೂ ಆರಿಸುವುದಿಲ್ಲ. ಮುಂದೆ ಹಿಂದೆ ಒಂದೇ ಕಂಪನಿಯ ಜೋಡಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಎರಡೂ ಒಂದೇ ಜಾತಿಯದಾಗಿರಲಿ. ಅಳತೆಯಲ್ಲಿ 17ಕ್ಕೆ ಮೊದಲು ಅಡ್ಡಗೆರೆ ಇದ್ದರೆ ಸಾದಾ ಟೈರು, ಆರ್ ಇದ್ದರೆ ರೇಡಿಯಲ್. ಒಂದು ಅದು ಒಂದು ಇದು ಅಂತ ಬೆರೆಸಬಾರದು.

ಕೊಳ್ಳುವಾಗ ನೀವೇ ತಾರೀಕು ಓದಿ, ಆರು ತಿಂಗಳ ಒಳಗಿನದು ಕೇಳಿ. ವರ್ಷ ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ಬಿಡಿ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ್ದಂತೂ ಬೇಡವೇ ಬೇಡ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 15627 ಅಂತ ಇರಬೇಕು. ದ್ವಿಚಕ್ರ, ತ್ರಿಚಕ್ರ ವಾಹನದ ಟೈರಿನ ಮಾನಕ ಅದು.

ಪ್ರಶ್ನೆ ಕೇಳಿದವರು: ತೋಟದ ದಾರಿ, ಕೊಪ್ಪ

ಉಗುರು ಒತ್ತಿ ನೋಡಿದೆ, ಒಂಚೂರೂ ಇಳಿಯಲಿಲ್ಲ. ಎರಡೂ ಬದಲಿಸುತ್ತೇನೆ, ಅದೇ ಅಳತೆ. ಇನ್ನೆರಡು ಪ್ರಶ್ನೆ. ಹಿಂದಿನ ರಿಮ್ ಅಂಚಿನಲ್ಲಿ ಒಂದು ಕಡೆ ಸಣ್ಣ ತಗ್ಗಾಗಿದೆ, ಮೂರ್ನಾಲ್ಕು ದಿನಕ್ಕೆ 5 ಪಿಎಸ್‌ಐ ಗಾಳಿ ಇಳಿಯುತ್ತದೆ. ಟ್ಯೂಬ್ ಹಾಕಿಬಿಡಿ ಅಂತಾರೆ, ಹಾಕಬಹುದಾ? ಹಾಕಿಸುವಾಗ ಎದುರಿಗೆ ನಿಂತು ಏನೇನು ನೋಡಬೇಕು?

ಉತ್ತರ 3: ಸ್ಪ್ಯಾನರ್ 17

ಟ್ಯೂಬ್ ಹಾಕಿದರೆ ಟ್ಯೂಬ್‌ಲೆಸ್‌ನ ಲಾಭವೇ ಹೋಯಿತು. ಮೊಳೆ ಹೊಕ್ಕರೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ಮೆಲ್ಲಗೆ ಇಳಿಯುತ್ತದೆ, ಟ್ಯೂಬ್ ಒಮ್ಮೆಲೇ ಬಿಟ್ಟುಬಿಡುತ್ತದೆ. ಮೇಲಾಗಿ ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಉಜ್ಜಿ ಬಿಸಿಯೂ ಆಗುತ್ತದೆ. ಮೊದಲು ಗಾಳಿ ಎಲ್ಲಿಂದ ಹೋಗುತ್ತಿದೆ ಹಿಡಿಯಿರಿ. ಸೋಪು ನೀರನ್ನು ವಾಲ್ವ್ ಬುಡಕ್ಕೆ, ವಾಲ್ವ್ ತುದಿಗೆ, ರಿಮ್ ಅಂಚಿನ ಸುತ್ತ ಸುರಿಯಿರಿ. ಗುಳ್ಳೆ ಎಲ್ಲಿ ಏಳುತ್ತದೋ ಅದೇ ಜಾಗ. ತಗ್ಗಿನ ಹತ್ತಿರವೇ ಆದರೆ ಟೈರು ಬಿಚ್ಚಿದ ಮೇಲೆ ಬೀಡ್ (ರಿಮ್‌ಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಕೂರುವ ಜಾಗದ ಹಳೇ ರಬ್ಬರ್, ತುಕ್ಕಿನ ಪುಡಿ ಎಲ್ಲ ತೆಗೆದು ಒರೆಸಿಸಿ. ತಗ್ಗು ಸಣ್ಣದಿದ್ದರೆ ಹೊಸ ಟೈರಿನ ಬೀಡ್ ಅದನ್ನು ಮುಚ್ಚಿಕೊಳ್ಳುತ್ತದೆ. ಬಿರುಕು ಕಂಡರೆ ರಿಮ್ ಬದಲಿಸಲೇಬೇಕು. ಅಲಾಯ್‌ಗೆ ಬಿಸಿ ಕೊಟ್ಟು ಸುತ್ತಿಗೆಯಲ್ಲಿ ಬಡಿಸಬೇಡಿ.

ಎದುರಿಗೆ ನಿಂತು ನೋಡಬೇಕಾದ್ದು:

ಬಿಚ್ಚಲು ಯಂತ್ರ ಇರುವ ಅಂಗಡಿಗೇ ಹೋಗಿ. ಲಿವರ್ ಹಾಕಿ ಮೀಟಿದರೆ ಬೀಡ್ ಕೂರುವ ಅಂಚಿಗೇ ಗೀರು ಬೀಳುತ್ತದೆ, ಆಮೇಲೆ ಜೀವಮಾನ ಪೂರ್ತಿ ಗಾಳಿ ಸೋರಾಟ. ಬೀಡ್‌ಗೆ ಸವರುವುದು ಸೋಪು ನೀರು ಅಥವಾ ಟೈರಿನದೇ ಪೇಸ್ಟ್ ಆಗಿರಲಿ. ಗ್ರೀಸ್, ಇಂಜಿನ್ ಆಯಿಲ್ ಬಳಿದರೆ ರಬ್ಬರ್ ಕೆಡುತ್ತದೆ, ಬ್ರೇಕ್ ಹಿಡಿದಾಗ ಟೈರು ರಿಮ್ ಮೇಲೆ ಜಾರಬಹುದು.

ವಾಲ್ವ್ ಎರಡೂ ಹೊಸದು ಹಾಕಿಸಿ. ಟೈರಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಳೇ ವಾಲ್ವ್‌ನ ರಬ್ಬರ್ ಬುಡದಲ್ಲಿ ಸೀಳಿರುತ್ತದೆ, ಬಗ್ಗಿಸಿದಾಗ ಮಾತ್ರ ಕಾಣುತ್ತದೆ. ನಿಮ್ಮ 5 ಪಿಎಸ್‌ಐ ಅಲ್ಲಿಂದಲೇ ಹೋಗುತ್ತಿರಲೂಬಹುದು.

ಸೈಡ್‌ವಾಲ್ ಮೇಲಿನ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ಕೆಲವು ಟೈರಿಗೆ ಎರಡು ಬಾಣ ಇರುತ್ತದೆ, ಮುಂದಿನ ಚಕ್ರಕ್ಕೆ ಒಂದು ದಿಕ್ಕು, ಹಿಂದಿನದಕ್ಕೆ ಅದರ ಉಲ್ಟಾ. ಹಿಂದಿನ ಟೈರಿಗೆ ಇಂಜಿನ್ ಎಳೆತ ಜಾಸ್ತಿ, ಮುಂದಿನದಕ್ಕೆ ಬ್ರೇಕಿನ ಎಳೆತ ಜಾಸ್ತಿ, ಅದಕ್ಕೆ ಹಾಗೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವ್ ಪಕ್ಕಕ್ಕೇ ಬರಲಿ.

ಗಾಳಿ ಹೊಡೆಯುವಾಗ ಬೀಡ್ ಎರಡೂ ಕಡೆ ಟಪ್ ಅಂತ ಕೂರುತ್ತದೆ. 40 ಪಿಎಸ್‌ಐ ತಲುಪಿದರೂ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ನೀರು ಸವರಿ ಹೊಡೆಯಬೇಕು. ಇನ್ನೂ ಏರಿಸುತ್ತಾ ಹೋಗುವುದು ಅಪಾಯ. ಕೂತ ಮೇಲೆ ರಿಮ್ ಅಂಚಿನ ಪಕ್ಕ ಟೈರಿನ ಮೇಲೆ ಒಂದು ತೆಳು ಗೆರೆ ಕಾಣುತ್ತದೆ. ಅದು ಸುತ್ತಲೂ ಅಂಚಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರು ಸೊಟ್ಟ ಕೂತಿದೆ, ಓಡಿಸುವಾಗ ಕುಣಿಯುತ್ತದೆ.

ಹಿಂದಿನ ಚಕ್ರ ಹೊರಗಿದ್ದಾಗಲೇ ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ, ಕಪ್ಲಿಂಗ್ ರಬ್ಬರ್ (ಚಕ್ರಕ್ಕೂ ಚೈನ್ ಚಕ್ರಕ್ಕೂ ನಡುವಿನ ರಬ್ಬರ್) ಸಡಿಲಾಗಿದೆಯಾ ನೋಡಿ, ಬ್ರೇಕ್ ಶೂ ಮೇಲಿನ ಧೂಳು ಒರೆಸಿಸಿ. ಮತ್ತೆ ಅದಕ್ಕೇ ಅಂತ ಚಕ್ರ ಬಿಚ್ಚುವ ಕೂಲಿ ಉಳಿಯುತ್ತದೆ. ಜೋಡಿಸುವಾಗ ಡ್ರಮ್ಮಿನ ರಾಡ್ ನಟ್ಟು ಬಿಗಿಯಾಗಿದೆಯಾ, ಅದಕ್ಕೆ ಪಿನ್ ಇದ್ದರೆ ವಾಪಸ್ ಹಾಕಿದ್ದಾರಾ ಅಂತ ನೀವೇ ಬಗ್ಗಿ ನೋಡಿ. ಆ ರಾಡ್ ಬಿಟ್ಟುಕೊಂಡರೆ ಬ್ರೇಕ್ ಒತ್ತಿದ ತಕ್ಷಣ ಡ್ರಮ್ಮಿನ ತಟ್ಟೆಯೇ ಸುತ್ತಿಕೊಂಡು ಚಕ್ರ ಹಿಡಿದುಕೊಳ್ಳುತ್ತದೆ. ಚೈನ್ ಬಿಗಿ ಮಾಡಿದ ಮೇಲೆ ಎರಡೂ ಪಕ್ಕದ ಗುರುತು ಒಂದೇ ಅಂಕಿಗೆ ಬಂದಿರಬೇಕು.

ಉತ್ತರ 4: ಅಳತೆಪಟ್ಟಿ

ಗಾಳಿ ಬಗ್ಗೆ ಒಂದು ಮಾತು ಬಿಟ್ಟಿತ್ತು. ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿದ್ದಾಗ ಅಳೆಯಬೇಕು. ಮಳೆಗಾಲದಲ್ಲಿ ಹಿಡಿತ ಬರಲಿ ಅಂತ ಗಾಳಿ ಇಳಿಸುವವರಿದ್ದಾರೆ, ಅದು ತಪ್ಪು. ಗಾಳಿ ಕಡಿಮೆಯಾದರೆ ಗ್ರೂವ್‌ಗಳು ಮುಚ್ಚಿಕೊಂಡು ನೀರು ಹೊರಹೋಗದು, ಗುಂಡಿಗೆ ಬಿದ್ದರೆ ರಿಮ್‌ಗೆ ಇನ್ನೊಂದು ತಗ್ಗು.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ 150ರಿಂದ 200 ಕಿಮೀ ಗಾಡಿ ಜಾಸ್ತಿ ಬಾಗಿಸಬೇಡಿ, ಬ್ರೇಕ್ ಮೆಲ್ಲಗೆ ಹಿಡಿಯಿರಿ. ನಿಮ್ಮ ಓಡಾಟಕ್ಕೆ ಅದು ನಾಲ್ಕು ದಿನ. ಮಳೆ ಶುರುವಾಗುವ ಒಂದು ವಾರ ಮೊದಲೇ ಹಾಕಿಸಿದರೆ ಆ ನಾಲ್ಕು ದಿನ ಒಣ ರಸ್ತೆಯಲ್ಲೇ ಕಳೆಯುತ್ತವೆ.

ಪ್ರಶ್ನೆ ಕೇಳಿದವರು: ತೋಟದ ದಾರಿ, ಕೊಪ್ಪ

ಸೋಪು ನೀರು ಹಾಕಿದೆ. ಗುಳ್ಳೆ ಎದ್ದದ್ದು ತಗ್ಗಿನ ಹತ್ತಿರ ಅಲ್ಲ, ವಾಲ್ವ್ ಬುಡದಲ್ಲಿ. ಶನಿವಾರಕ್ಕೆ ಎರಡು ಟೈರು, ಎರಡು ವಾಲ್ವ್ ಹೇಳಿದ್ದೇನೆ.