ತೆರೆದ ಹಜಾರದ ಮನೆಯೋ, ಬಿಡಿ ಬಿಡಿ ಕೋಣೆಗಳ ಮನೆಯೋ?

ಪ್ರಶ್ನೆ

ಐದು ಜನರ ನಮ್ಮ ಕುಟುಂಬಕ್ಕೆ ಮನೆ ಹುಡುಕುತ್ತ ಬಂದು, ಕೊನೆಗೆ ಎರಡು ಮನೆಗಳ ನಕ್ಷೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೇವೆ. ಮೊದಲನೆಯದು ಸುಮಾರು 1,500 ಚದರ ಅಡಿಯ, ಒಂದೇ ಅಂತಸ್ತಿನ ಮನೆ. ಅಡುಗೆಮನೆ, ಊಟದ ಜಾಗ ಮತ್ತು ಹಜಾರಗಳ ನಡುವೆ ಗೋಡೆಯಿಲ್ಲ. ಮಲಗುವ ಮೂರೂ ಕೋಣೆಗಳ ಬಾಗಿಲುಗಳು ನೇರವಾಗಿ ಆ ಹಜಾರಕ್ಕೇ ತೆರೆದುಕೊಳ್ಳುತ್ತವೆ. ಎರಡನೆಯದು ಸುಮಾರು 1,650 ಚದರ ಅಡಿಯ, ಎರಡು ಅಂತಸ್ತಿನ ಮನೆ. ಅಡುಗೆಮನೆ, ಊಟದ ಕೋಣೆ, ಹಜಾರ ಎಲ್ಲಕ್ಕೂ ಪ್ರತ್ಯೇಕ ಬಾಗಿಲುಗಳಿವೆ, ಆದರೆ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿವೆ. ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ಜೊತೆಯಲ್ಲಿರುವ ತಾಯಿಯವರಿಗೆ ಮಂಡಿನೋವು ಇದೆ, ನಾನು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ನೋಡಿದ ಕ್ಷಣಕ್ಕೆ ಮೊದಲನೆಯ ಮನೆ ವಿಶಾಲವಾಗಿ, ಬೆಳಕಾಗಿ ಕಂಡು ಮನಸ್ಸಿಗೆ ಹಿಡಿಸಿತು. ಆದರೆ ದಿನನಿತ್ಯದ ಬದುಕಿಗೆ ಯಾವ ವಿನ್ಯಾಸ ಒದಗಿಬರುತ್ತದೆ ಎಂಬುದನ್ನು ಇಂಥ ಮನೆಗಳಲ್ಲಿ ವರ್ಷಗಟ್ಟಲೆ ಇದ್ದವರಿಂದ ತಿಳಿಯಬಯಸುತ್ತೇನೆ.

ಉತ್ತರ 1

ನಾವು ತೆರೆದ ಹಜಾರದ ಮನೆಯಲ್ಲಿ ಏಳು ವರ್ಷ ಇದ್ದೆವು. ಕೊಳ್ಳುವಾಗ ನಮ್ಮ ಗಮನವೆಲ್ಲ ಬೆಳಕು ಮತ್ತು ವಿಸ್ತಾರದ ಮೇಲಿತ್ತು. ಶಬ್ದದ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಸಾಮಾನ್ಯ ಮಾತುಕತೆಯ ಶಬ್ದವೇ ಸುಮಾರು 60 ಡೆಸಿಬೆಲ್ ಇರುತ್ತದೆ. ಗಾರೆ ಮಾಡಿದ ಇಟ್ಟಿಗೆಯ ಗೋಡೆ ಅದರಲ್ಲಿ 40 ಡೆಸಿಬೆಲ್‌ನಷ್ಟನ್ನು ತಡೆಯಬಲ್ಲದು. ಒಳಗೆ ಟೊಳ್ಳಾಗಿರುವ ಹಗುರ ಬಾಗಿಲು ತಡೆಯುವುದು 20ರ ಆಸುಪಾಸಿನಷ್ಟು ಮಾತ್ರ, ಅಡಿಯಲ್ಲಿ ಸಂದಿಯಿದ್ದರೆ ಅದೂ ಇಲ್ಲ. ಆದ್ದರಿಂದ ಮಲಗುವ ಕೋಣೆಯ ಗೋಡೆ ಎಷ್ಟೇ ದಪ್ಪವಾಗಿದ್ದರೂ, ಬಾಗಿಲು ಹಜಾರದ ಎದುರಿಗೇ ಇದ್ದರೆ ಮಿಕ್ಸಿಯ ಸದ್ದು ಮಲಗಿದ ಮಗುವಿನ ಕಿವಿಯವರೆಗೂ ಹೋಗುತ್ತದೆ. ರಾತ್ರಿ ಒಂಬತ್ತರ ನಂತರ ನಾವಿಬ್ಬರೂ ಪಿಸುಮಾತಿನಲ್ಲೇ ಸಂಸಾರ ನಡೆಸಬೇಕಾಗಿತ್ತು.

ನಿಮ್ಮ ಮೊದಲನೆಯ ನಕ್ಷೆಯಲ್ಲಿ ನನಗೆ ತೊಂದರೆ ಕಾಣುವುದು ಅಡುಗೆಮನೆ ತೆರೆದಿರುವುದರಲ್ಲಿ ಅಲ್ಲ, ಕೋಣೆಗಳಿಗೂ ಹಜಾರಕ್ಕೂ ನಡುವೆ ಒಂದು ತಿರುವೂ ಇಲ್ಲದಿರುವುದರಲ್ಲಿ. ನಾಲ್ಕು ಅಡಿಯ ಒಂದು ಚಿಕ್ಕ ಪ್ಯಾಸೇಜ್ ಇದ್ದರೂ ಪರಿಸ್ಥಿತಿ ಬೇರೆಯಾಗುತ್ತದೆ. ಪ್ಯಾಸೇಜ್ ಎಂದರೆ ವ್ಯರ್ಥವಾದ ಜಾಗವೆಂದು ಹೇಳುವವರು ಬಹಳ ಜನ ಸಿಗುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ.

ಉತ್ತರ 2

ಶಬ್ದಕ್ಕಿಂತ ಮೊದಲು ತಾಯಿಯವರ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಿ. ಅಂತಸ್ತಿನ ಎತ್ತರ ಹತ್ತು ಅಡಿ, ಒಂದೊಂದು ಮೆಟ್ಟಿಲಿನ ಎತ್ತರ ಏಳು ಅಂಗುಲ ಎಂದಿಟ್ಟುಕೊಂಡರೆ 17 ಮೆಟ್ಟಿಲುಗಳಾಗುತ್ತವೆ. ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿದರೆ ನೂರಮೂವತ್ತಾರು ಹೆಜ್ಜೆಗಳು, ಮತ್ತು ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ನೋವು ಕೊಡುವುದುಂಟು. ನನ್ನ ಅತ್ತೆಯವರು ಮೊದಲ ವರ್ಷ ಸಂಜೆ ಇಳಿದು ಬರುವುದನ್ನು ಕಡಿಮೆ ಮಾಡಿದರು, ಮರುವರ್ಷ ಊಟಕ್ಕೂ ಇಳಿಯದಾದರು. ಒಂದೇ ಮನೆಯಲ್ಲಿದ್ದೂ ಅವರು ಒಂಟಿಯಾದದ್ದು ನಮ್ಮ ಅರಿವಿಗೆ ಬಂದದ್ದು ತಡವಾಗಿ. ಆ ನೋವು ಇಂದಿಗೂ ಹೋಗಿಲ್ಲ.

ಒಂದೇ ಅಂತಸ್ತು ಎಂದಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೂ ಭಾವಿಸಬೇಡಿ. ಅಳತೆಯ ಟೇಪು ತೆಗೆದುಕೊಂಡು ಹೋಗಿ ಸ್ನಾನದ ಕೋಣೆಯ ಬಾಗಿಲನ್ನು ಅಳೆಯಿರಿ. ಗಾಲಿಕುರ್ಚಿ ಒಳಹೋಗಬೇಕಾದರೆ ಬಾಗಿಲು ತೆರೆದಾಗ 32 ಅಂಗುಲದಷ್ಟಾದರೂ ತೆರವು ಸಿಗಬೇಕು, ಅದು ಒಳಗೆ ಸುತ್ತು ತಿರುಗಲು ಸುಮಾರು ಐದು ಅಡಿ ಬೇಕು. ನಕ್ಷೆಯಲ್ಲಿ ಬರೆದಿರುವ ಅಳತೆ ಚೌಕಟ್ಟನ್ನೂ ಸೇರಿಸಿದ ಅಳತೆಯಾಗಿರಬಹುದಾದ್ದರಿಂದ ಅದನ್ನು ನಂಬಿ ಕೂರಬೇಡಿ. ಬಾಗಿಲು ಹೊರಗಡೆಗೆ ತೆರೆಯುವಂತಿದ್ದರೆ ಒಳ್ಳೆಯದು, ಏಕೆಂದರೆ ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ.

ಉತ್ತರ 3

ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಅಡುಗೆ ಮಾಡುತ್ತಲೇ ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ದೊಡ್ಡ ನೆಮ್ಮದಿ ಎಂಬುದನ್ನು ಯಾರೂ ಹೇಳಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಆದರೆ ಒಲೆ, ಸಿಂಕ್, ಫ್ರಿಜ್ ಇವುಗಳ ನಡುವೆ ಓಡಾಡುವ ದಾರಿ ಯಾವುದೆಂದು ನೋಡಿ. ಹಿತ್ತಲ ಬಾಗಿಲಿಗೆ ಹೋಗುವವರೆಲ್ಲ ಆ ಮೂರರ ನಡುವಿನಿಂದಲೇ ಹಾಯುವಂತಿದ್ದರೆ ಬಿಸಿ ಪಾತ್ರೆ ಹಿಡಿದವರಿಗೆ ಅಪಾಯ ತಪ್ಪಿದ್ದಲ್ಲ.

ಮತ್ತೊಂದು ವಿಷಯ, ಕಟ್ಟಡದ ಭಾರ ಕಂಬಗಳ ಮೇಲಿದೆಯೋ ಗೋಡೆಗಳ ಮೇಲಿದೆಯೋ ಎಂದು ಕೇಳಿ ತಿಳಿದುಕೊಳ್ಳಿ. 1920ರ ದಶಕದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಒತ್ತಿ ಹೇಳಿದ್ದು ಇದನ್ನೇ: ಭಾರವನ್ನು ಕಾಂಕ್ರೀಟಿನ ಕಂಬಗಳು ಹೊತ್ತರೆ ಒಳಗಿನ ಗೋಡೆಗಳನ್ನು ಬೇಕಾದಲ್ಲಿ ಇಡಬಹುದು, ಬೇಡವಾದಲ್ಲಿ ಬಿಡಬಹುದು. ಅಂಥ ಮನೆಯಲ್ಲಿ ಹಗುರವಾದ ಅಡ್ಡಗೋಡೆಯೊಂದನ್ನು ಮುಂದೆ ಸೇರಿಸುವುದು ಕೆಲವು ದಿನಗಳ ಕೆಲಸ. ಭಾರ ಹೊತ್ತ ಗೋಡೆಯನ್ನು ತೆಗೆಯಬೇಕಾದರೆ ಎಂಜಿನಿಯರ್ ಲೆಕ್ಕ ಹಾಕಿ ಮೇಲೆ ತೊಲೆ ಕೊಡಬೇಕಾಗುತ್ತದೆ. ಎಲ್ಲ ಕಡೆಯೂ ಅದು ಸಾಧ್ಯವಾಗುವುದಿಲ್ಲ. ಈ ಕಾರಣದಿಂದ ಗೋಡೆ ಕಡಿಮೆಯಿರುವ ಮನೆಯನ್ನು ಕೊಂಡು ಬದಲಿಸಿಕೊಳ್ಳುವುದೇ ಹಗುರವಾದ ದಾರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರನ್ನೂ ಕರೆದುಕೊಂಡು ಹೋಗಿ ನಿನ್ನೆ ಮೊದಲನೆಯ ಮನೆಯನ್ನು ಮತ್ತೊಮ್ಮೆ ನೋಡಿ ಬಂದೆವು. ಸ್ನಾನದ ಕೋಣೆಯ ಬಾಗಿಲಿನ ತೆರವು 28 ಅಂಗುಲ ಮಾತ್ರ ಇದೆ, ಆದರೆ ಪಕ್ಕದ ಗೋಡೆ ಭಾರ ಹೊತ್ತದ್ದಲ್ಲವಾದ್ದರಿಂದ ಅದನ್ನು ಅಗಲಿಸಬಹುದೆಂದು ಜೊತೆಗೆ ಬಂದ ಎಂಜಿನಿಯರ್ ತಿಳಿಸಿದರು. ನನ್ನ ಪತ್ನಿ ಅಡುಗೆಯ ಕಟ್ಟೆಯ ಬಳಿ ನಿಂತು ಎಂದಿನ ದನಿಯಲ್ಲಿ ಮಾತನಾಡಿದಾಗ, ಬಾಗಿಲು ಹಾಕಿದ ಕೋಣೆಯೊಳಗಿದ್ದ ನನಗೆ ಒಂದೊಂದು ಪದವೂ ಕೇಳಿಸಿತು. ಎರಡು ಕೋಣೆಗಳ ಬಾಗಿಲುಗಳು ಹಜಾರದ ಒಂದೇ ಮೂಲೆಯಲ್ಲಿರುವುದರಿಂದ ಅಲ್ಲಿ ಏಳು ಅಡಿಯ ಅಡ್ಡಗೋಡೆ ಮತ್ತು ಗಟ್ಟಿ ಮರದ ಒಂದು ಬಾಗಿಲು ಹಾಕಿದರೆ ಚಿಕ್ಕ ಪ್ಯಾಸೇಜ್ ಸಿಗುತ್ತದೆ. ಅದು ಕತ್ತಲಾಗದಂತೆ ಬಾಗಿಲಿನ ಮೇಲೆ ಅಲುಗಾಡದ ಗಾಜು ಕೂರಿಸುವ ಆಲೋಚನೆಯಿದೆ. ಇಂಥ ಗಾಜಿನಿಂದ ಶಬ್ದ ಎಷ್ಟು ನುಸುಳುತ್ತದೆ ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.