‘ಹಾರ್ಡ್ ಲೈಟ್’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಕೋಟದ ಫೋಟೊದವ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಿದೆ. ಈ ಭಾನುವಾರ ಕಡಲ ಬದಿಯಲ್ಲಿ ಒಂದು ಫೋಟೊ ಶಿಬಿರ ಇಟ್ಟುಕೊಂಡಿದ್ದೇವೆ. ಬಡಗುತಿಟ್ಟು ಯಕ್ಷಗಾನದ ಮೂರು ವೇಷ ಕಟ್ಟಿಸಿ, ಬಯಲಲ್ಲಿ ನಿಲ್ಲಿಸಿ, ಹಗಲು ಬೆಳಕಲ್ಲೇ ತೆಗೆಯುವುದು. ಫ್ಲೆಕ್ಸ್ ಅಂಗಡಿಯವರು ಆರು ಗಂಟೆಯೊಳಗೆ ಮ್ಯಾಟರ್ ಕೇಳಿದ್ದಾರೆ. ಕಲಿಯಲು ಬರುವವರಿಗೆ ನಾಲ್ಕು ಪುಟದ ಕೈಪಿಡಿಯೂ ಇದೆ. ಅದರಲ್ಲಿ ‘ಹಾರ್ಡ್ ಲೈಟ್’ 11 ಸಲ ಬಂದಿದೆ. ಓದಿದರೆ ನನಗೇ ನಾಚಿಕೆಯಾಗುತ್ತದೆ.

ಯಾವ ಬೆಳಕು ಅಂತ ಹೇಳಿಬಿಡುತ್ತೇನೆ. ಏಪ್ರಿಲ್ ಕೊನೆಯ ವಾರ ಉಡುಪಿ ಕಡೆ ಹನ್ನೆರಡೂವರೆ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ. ಆಗ ವೇಷ ನಿಲ್ಲಿಸಿದರೆ ಹುಬ್ಬಿನ ಕೆಳಗೆ ಕಣ್ಣು ಎರಡು ಕಪ್ಪು ಗುಂಡಿ, ಮೂಗಿನ ತುದಿ ಮಾತ್ರ ಬೆಳ್ಳಗೆ. ಎದೆಕಟ್ಟು, ಭುಜಕೀರ್ತಿಯ ಬೇಗಡೆ ಎಷ್ಟು ಹೊಳೆಯುತ್ತದೆ ಅಂದರೆ ಆ ಜಾಗದಲ್ಲಿ ಫೋಟೊಗೆ ತೂತು ಬಿದ್ದ ಹಾಗೆ. ದೊಂದಿ ಬೆಳಕಿಗೆ ಅಂತ ಹುಟ್ಟಿದ ವೇಷ ಅದು. ಎದುರಿನಿಂದ ಬರುವ ಬೆಳಕಿಗೆ ಒಗ್ಗಿದ್ದನ್ನು ನಾವು ನೆತ್ತಿಯ ಬೆಳಕಿಗೆ ತಂದು ನಿಲ್ಲಿಸುತ್ತಿದ್ದೇವೆ.

‘ರಣಬಿಸಿಲು’ ಅಂತ ಹಾಕಿಬಿಡಲೇ?

ಮೈಸೂರಿನ ಮೇಷ್ಟ್ರು ಬರೆದದ್ದು:

‘ಪ್ರಖರ ಬೆಳಕು’. ನಿಘಂಟಿನಲ್ಲಿದೆ, ಪತ್ರಿಕೆಗಳಲ್ಲಿದೆ. ಇದಕ್ಕೆ ಚರ್ಚೆ ಯಾಕೆ? ಶಿಬಿರಕ್ಕೂ ‘ಛಾಯಾಗ್ರಹಣ ಶಿಬಿರ’ ಎಂದೇ ಹೆಸರಿಡಿ.

ಹಾಸನದ ಹುಡುಗ ಬರೆದದ್ದು:

ಪ್ರಕರ, ಚಾಯಾಗ್ರಹಣ ಎಲ್ಲ ಯಾರ ನಾಲಿಗೆಯಲ್ಲಿದೆ? ಕನ್ನಡದಲ್ಲಿ ಬಿಸಿಲಿಗೆ ಪದಗಳ ಬರ ಇಲ್ಲ. ಬಿರುಬಿಸಿಲು, ಕಡುಬಿಸಿಲು, ಉರಿಬಿಸಿಲು, ಸುಡುಬಿಸಿಲು. ಮೆದು ಬೆಳಕು ಬೇಕಾ? ಎಳೆಬಿಸಿಲು, ಹೂಬಿಸಿಲು, ಹೊಂಬಿಸಿಲು. ನನ್ನ ಓಟು ‘ಕಡುಬಿಸಿಲು’. ಮತ್ತೆ ಪೋಟೊ ಯಾಕೆ, ‘ತಿಟ್ಟ’ ಅನ್ನಿ. ಹಳೆಯ ಪದ, ಅಚ್ಚಗನ್ನಡ.

ಮೇಷ್ಟ್ರು:

‘ಪ್ರಕರ’ ಎಂದರೆ ರಾಶಿ. ‘ಪ್ರಖರ’ ಬೇರೆ. ಮಹಾಪ್ರಾಣ ತೆಗೆದರೆ ಹೀಗೇ ಆಗುವುದು.

ಕೋಟದ ಫೋಟೊದವ:

ಹಾಸನದವರೇ, ನಮ್ಮಲ್ಲಿ ತಿಟ್ಟು ಅಂದರೆ ಯಕ್ಷಗಾನದ ಶೈಲಿ, ತೆಂಕು, ಬಡಗು. ‘ಬಡಗುತಿಟ್ಟಿನ ತಿಟ್ಟ ಶಿಬಿರ’ ಅಂತ ಫ್ಲೆಕ್ಸ್ ಹಾಕಿದರೆ ಭಾಗವತರೇ ಚಪ್ಪಲಿ ಹುಡುಕುತ್ತಾರೆ. ಫೋಟೊ ಫೋಟೊನೇ ಇರಲಿ ಮಾರಾಯ್ರೆ.

ಕಡುಬಿಸಿಲು ಕೇಳಲು ಚೆನ್ನಾಗಿದೆ. ಎಲ್ಲರಿಗೂ ಒಪ್ಪಿಗೆಯಾ?

ಬೆಂಗಳೂರಿನ ಯೂನಿಟ್‌ನವ ಬರೆದದ್ದು:

ಒಪ್ಪಿಗೆ ಇಲ್ಲ. ಸಿನಿಮಾ ಯೂನಿಟ್ಟಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿ ತುಂಬಾ ವರ್ಷ ಬಿಸಿಲು ತಿಂದವನು ನಾನು. ಹಾರ್ಡ್ ಅನ್ನೋದಕ್ಕೂ ಸೆಕೆಗೂ ಸಂಬಂಧ ಇಲ್ಲ. ಜೋರು ಬೆಳಕು ಅನ್ನೋದಕ್ಕೂ ಇಲ್ಲ. ಬೆಳಕಿನ ಮೂಲ ಎಷ್ಟು ಚಿಕ್ಕದಾಗಿ ಕಾಣುತ್ತೋ ನೆರಳಿನ ಅಂಚು ಅಷ್ಟು ಚೂಪು. ಸೂರ್ಯ ಆಕಾಶದಲ್ಲಿ ಬರೀ ಅರ್ಧ ಡಿಗ್ರಿ ಅಗಲ, ಅದಕ್ಕೇ ಹಾರ್ಡ್. ಮೋಡ ಕವಿದರೆ ಇಡೀ ಆಕಾಶವೇ ದೀಪ, ಆಗ ಸಾಫ್ಟ್.

ಈಗ ಹೇಳಿ. ಹುಣ್ಣಿಮೆ ಚಂದ್ರನೂ ಹೆಚ್ಚುಕಮ್ಮಿ ಅರ್ಧ ಡಿಗ್ರಿನೇ. ಬೆಳದಿಂಗಳಲ್ಲಿ ತೆಂಗಿನ ಗರಿಯ ನೆರಳು ಅಂಗಳದಲ್ಲಿ ಎಷ್ಟು ಚೂಪಾಗಿ ಬೀಳುತ್ತೆ ನೋಡಿದ್ದೀರಲ್ವಾ? ಅದೂ ಹಾರ್ಡ್ ಲೈಟೇ. ಅದನ್ನ ಕಡುಬಿಸಿಲು ಅಂತೀರಾ? ಪ್ರಖರ ಅಂತೀರಾ?

ನಾವು ಸೆಟ್ಟಲ್ಲಿ ‘ಬೆಳಕು ಹಾರ್ಡಿದೆ, ಸ್ಕಿಮ್ಮರ್ ಕಟ್ರೋ’ ಅಂತೀವಿ. ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ತಲೆ ಮೇಲೆ ಹಿಡಿಯೋದು. ಕಣ್ಣಿನ ಗುಂಡಿ ತುಂಬೋಕೆ ಕೆಳಗಿಂದ ಥರ್ಮೊಕೋಲ್ ಶೀಟು. ಯಾರಿಗೂ ಕನ್ನಡ ಪದ ಇಲ್ಲ ಅಂತ ಕೆಲಸ ನಿಂತಿಲ್ಲ. ಇರೋದನ್ನೇ ಹಾಕಿ.

ಮಸ್ಕತ್‌ನಿಂದ ಅನುವಾದಕಿ ಬರೆದದ್ದು:

ಬೆಳದಿಂಗಳ ಮಾತು ಸರಿಯಾಗಿ ತಾಗಿತು. ಬಿಸಿಲು ಎಂಬ ಪದದ ಒಳಗೇ ಬಿಸಿ ಕೂತಿದೆ. ತಮಿಳಿನ ವೆಯಿಲ್ ಕೂಡ ಇದರ ಒಡಹುಟ್ಟು. ನಮ್ಮ ಭಾಷೆ ಬಿಸಿಲನ್ನು ಮೈಯಿಂದ ಅಳೆದಿದೆ, ಕಣ್ಣಿಂದ ಅಲ್ಲ. ಅದಕ್ಕೇ ಹಿಂದೆ ಏನೇ ಅಂಟಿಸಿದರೂ, ರಣ ಅನ್ನಿ ಕಡು ಅನ್ನಿ, ಬೆವರೇ ಬರುತ್ತದೆ. ಬೆಳಕನ್ನು ಬಿಟ್ಟು ನೆರಳಿಂದ ಪದ ಮಾಡಿ ನೋಡಿ.

ಮೇಷ್ಟ್ರು:

ಅದನ್ನೇ ಹೇಳಿದ್ದು. ಛಾಯೆ ಎಂದರೆ ನೆರಳು. ಛಾಯಾಗ್ರಹಣ ಮಾಡಿದವರು ದಡ್ಡರಾಗಿರಲಿಲ್ಲ.

ಕೋಟದ ಫೋಟೊದವ:

ನಾಲ್ಕು ಗಂಟೆ ಆಯಿತು. ನಾನು ಸುಮ್ನೆ ಕೂರಲಾರದೆ ನಮ್ಮ ವೇಷ ಕಟ್ಟುವ ಹಿರಿಯರಿಗೆ ಫೋನ್ ಮಾಡಿದೆ. ಮಧ್ಯಾಹ್ನ ವೇಷ ನಿಲ್ಲಿಸಿದರೆ ಏನಾಗ್ತದೆ ಅಂತ ಕೇಳಿದೆ. ಅವರು ಒಂದೇ ಮಾತಲ್ಲಿ ಮುಗಿಸಿದರು: “ನೆರಳು ಮುಖ ಕತ್ತರಿಸ್ತದೆ.” ಆಮೇಲೆ ಪುರುಷವೇಷದವರಿಗೆ ಊಟ ಎಷ್ಟು ಹೊತ್ತಿಗೆ ಅಂತ ಕೇಳಿದರು.

‘ಕತ್ತರಿ ನೆರಳು’ ಹೇಗೆ? ಹಾರ್ಡ್ ಲೈಟ್ = ಕತ್ತರಿ ನೆರಳಿನ ಬೆಳಕು. ಸಾಫ್ಟ್‌ಗೆ ‘ಕರಗಿದ ನೆರಳು’.

ಯೂನಿಟ್‌ನವ:

ಇದು ಓಕೆ. ಬೆಳದಿಂಗಳಿಗೂ ಹೊಂದುತ್ತೆ. ನಾಳೆ ಸೆಟ್ಟಲ್ಲಿ ಹೇಳಿ ನೋಡ್ತೀನಿ. ನಗ್ತಾರೆ, ಆದ್ರೂ ಹೇಳ್ತೀನಿ.

ಹಾಸನದ ಹುಡುಗ:

ಬಹಳ ಚೆನ್ನಾಗಿದೆ! ಕತ್ತಿ, ಕತ್ತರಿಸು, ಕತ್ತರಿ. ಎಲ್ಲ ನಮ್ಮದೇ ಬೇರು. ಸಕ್ಕದದ ಹಂಗಿಲ್ಲ.

ಮೇಷ್ಟ್ರು:

ಕತ್ತರಿ ಎಂಬುದು ‘ಕರ್ತರಿ’ಯ ತದ್ಭವ. ಪಂಚಾಂಗ ತೆರೆದು ನೋಡಿ, ಬೇಸಗೆಯಲ್ಲಿ ಕರ್ತರಿ ಎಂಬ ಅತಿ ಬಿಸಿಲಿನ ಅವಧಿ ಬರುತ್ತದೆ. ತಾವು ಸಂಸ್ಕೃತಕ್ಕೆ ಕೈ ಮುಗಿದದ್ದಕ್ಕೆ ಸಂತೋಷ.

ಹಾಸನದ ಹುಡುಗ:

ಕತ್ತಿ ಯಾವುದರ ತದ್ಬವ? ಅದಕ್ಕೆ ಮೊದಲು ಉತ್ತರ ಕೊಡಿ. ದ್ರಾವಿಡ ನುಡಿಗಳಲ್ಲೆಲ್ಲ ಕತ್ತಿ ಇದೆ. ನಮ್ಮದನ್ನು ಅವರು ತಗೊಂಡು ರ ಸೇರಿಸಿಕೊಂಡಿರಬಾರದಾ? ಎಲ್ಲವೂ ಮೇಲಿಂದಲೇ ಇಳಿಯಬೇಕು ಅಂತ ಎಲ್ಲಿ ಬರೆದಿದೆ?

ಮೇಷ್ಟ್ರು:

ಊಹೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಅನುವಾದಕಿ:

ಚೆನ್ನೈಯಲ್ಲಿದ್ದಾಗ ಮೇ ತಿಂಗಳ ಬಿಸಿಲಿಗೆ ‘ಕತ್ತಿರಿ ವೆಯಿಲ್’ ಅನ್ನುವುದನ್ನು ದಿನಾ ಕೇಳಿದ್ದೇನೆ. ಅಂದರೆ ಕತ್ತರಿಗೂ ಬಿಸಿಲಿಗೂ ನೆಂಟಸ್ತನ ಮೊದಲೇ ಆಗಿದೆ. ಆದರೆ ಅದು ಪಂಚಾಂಗದ ಕತ್ತರಿ, ನೆರಳಿನದ್ದಲ್ಲ. ಎರಡನ್ನೂ ಕಲಸಬೇಡಿ.

ಇನ್ನು ಎರವಲು ಪದದ ಜಗಳ. ವೇಷದ ಮುಖಕ್ಕೆ ಹಚ್ಚುವ ಬಿಳಿಗೆ ‘ಸಫೇದ’ ಅಂತಾರೆ, ಅಲ್ವಾ? ಅದು ಪಾರಸಿ. ಸಾಕ್ಷಾತ್ ದೇವೇಂದ್ರನೂ ಅದನ್ನು ಹಚ್ಚಿಕೊಂಡೇ ರಂಗಕ್ಕೆ ಬರುತ್ತಾನೆ. ಅವನಿಗಿಲ್ಲದ ಮಡಿ ನಮಗೆ ಯಾಕೆ?

ಹಾಸನದ ಹುಡುಗ:

ಬಂದದ್ದು ಇರಲಿ ಅಂತಲೇ ನಾನೂ ಹೇಳೋದು. ಇರುವಾಗ ತರಬೇಡಿ ಅಂತ ಅಶ್ಟೇ. ಕಡುನೆರಳು ಅಂದಿದ್ದರೆ ಈ ತಕರಾರೇ ಇರುತ್ತಿರಲಿಲ್ಲ.

ಯೂನಿಟ್‌ನವ:

ಕಡುನೆರಳು ಅಂದ್ರೆ ಕಪ್ಪು ಜಾಸ್ತಿ ಅಂತ. ಅಂಚು ಚೂಪು ಅಂತ ಅಲ್ಲ. ಮತ್ತೆ, ‘ತಕರಾರು’ ಅರಬ್ಬಿಯಿಂದ ಬಂದದ್ದು, ಗೊತ್ತಲ್ವಾ?

ಕೋಟದ ಫೋಟೊದವ:

ಆರಕ್ಕೆ ಐದು ನಿಮಿಷ ಇರುವಾಗ ಮ್ಯಾಟರ್ ಕಳಿಸಿದೆ. ‘ಕತ್ತರಿ ನೆರಳಲ್ಲಿ ವೇಷದ ಫೋಟೊ: ಒಂದು ದಿನದ ಶಿಬಿರ’. ಕೈಪಿಡಿಯಲ್ಲಿ 11 ಕಡೆಯೂ ಬದಲಾಯಿಸಿದೆ, ಮೊದಲನೆಯ ಸಲ ಮಾತ್ರ ಪಕ್ಕದಲ್ಲಿ ‘ಹಾರ್ಡ್ ಲೈಟ್’ ಉಳಿಸಿಕೊಂಡೆ. ಸ್ಕಿಮ್ಮರ್, ಥರ್ಮೊಕೋಲ್ ಹಾಗೇ ಇವೆ. ಎಲ್ಲರಿಗೂ ಉಪಕಾರವಾಯಿತು.

ಈಗಷ್ಟೇ ಅಂಗಡಿಯಿಂದ ಡಿಸೈನ್ ಬಂತು. ಹುಡುಗ ತನ್ನ ಉತ್ಸಾಹಕ್ಕೆ ಮೂಲೆಯಲ್ಲಿ ಒಂದು ದೊಡ್ಡ ಕತ್ತರಿಯ ಚಿತ್ರ ಹಾಕಿದ್ದಾನೆ. ನೋಡಿದವರು ವೇಷ ಹೊಲಿಯುವ ಕ್ಲಾಸು ಅಂದುಕೊಳ್ಳುವುದು ಗ್ಯಾರಂಟಿ. ತೆಗೆಸುತ್ತಿದ್ದೇನೆ.

ಮೇಷ್ಟ್ರು:

‘ವೇಷ’ ಎಂದೇ ಅಚ್ಚಾಗಿದೆ ತಾನೆ? ‘ವೇಶ’ ಅಲ್ಲವಲ್ಲ?