ಕ್ರಿಕೆಟ್ ವಿಡಿಯೊ ಗೇಮ್: 'ಟೈಮಿಂಗ್'ಗೆ 'ಹದ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಕೇಳಬೇಕಾದ್ದು ಒಂದೇ ಪದ. ಆದರೆ ಅದು ಎಲ್ಲಿ ಬೇಕಾಯಿತು ಅಂತ ಹೇಳದೆ ಸುಮ್ನೆ ಕೇಳಿದರೆ, ಯಾರಾದರೂ 'ಸಮಯಪ್ರಜ್ಞೆ' ಅಂತ ಒಂದು ಸಾಲು ಬರೆದು ಮುಗಿಸಿಬಿಡುತ್ತೀರಿ. ಹಾಗಾಗಿ ಸ್ವಲ್ಪ ಕಥೆ.

ರಜೆಗೆ ಮೈಸೂರಿನಿಂದ ತಮ್ಮನ ಮಗಳು ಬಂದಿದ್ದಾಳೆ, ಏಳನೇ ಕ್ಲಾಸು. ನಮ್ಮ ಹಳೇ ಕಂಪ್ಯೂಟರಿನಲ್ಲಿ 'ಡಾನ್ ಬ್ರಾಡ್ಮನ್ ಕ್ರಿಕೆಟ್ 14' ಇದೆ. ಮೆಲ್ಬರ್ನಿನ ಬಿಗ್ ಆಂಟ್ ಸ್ಟುಡಿಯೋಸ್ 2014ರಲ್ಲಿ ತಂದ ಆಟ. ಪಕ್ಕದ ಮನೆಯ ಹುಡುಗ ಅವಳಿಗೆ ಗುರು. ಅವನ ಮನೆಮಾತು ಮಲಯಾಳ.

ಮೊನ್ನೆ ಅವಳು ಬ್ಯಾಟ್ ಬೀಸಿಯೇಬಿಟ್ಟಳು, ಚೆಂಡು ಇನ್ನೂ ಬಂದಿರಲಿಲ್ಲ. ಹುಡುಗ ಕೂಗಿದ, "ನೇರತ್ತೆ ಆಯಿ!" ಮುಂದಿನ ಚೆಂಡು ಆಫ್ ಸ್ಟಂಪಿನಿಂದ ಆಚೆ. ಇವಳು ಅದನ್ನು ನೆಟ್ಟಗೆ ಬೌಲರ್ ಕಡೆಗೇ ಹೊಡೆಯಲು ಹೋದಳು. ಅಂಚಿಗೆ ತಾಗಿ ಕೀಪರ್ ಕೈಗೆ. "ಅವನೇ ನೇರಕ್ಕೆ ಹೊಡಿ ಅಂದ, ಅಲ್ವಾ ದೊಡ್ಡಪ್ಪ?" ಅಂತ ಕಣ್ಣಲ್ಲಿ ನೀರು. ಮಲಯಾಳದಲ್ಲಿ 'ನೇರಂ' ಅಂದರೆ ಹೊತ್ತು, 'ನೇರತ್ತೆ' ಅಂದರೆ ಮುಂಚೆ. ಅವನು ಹೇಳಿದ್ದು ಬೇಗ ಆಯ್ತು ಅಂತ. ಇವಳಿಗೆ ಕೇಳಿದ್ದು ನೇರ, ಸೊಟ್ಟ ಅಲ್ಲದ್ದು. ನಾವು ಇಲ್ಲಿಯವರು ಎರಡು ನೇರಗಳ ನಡುವೆ ಹುಟ್ಟಿನಿಂದ ಓಡಾಡುತ್ತೇವೆ, ಗೊತ್ತೇ ಆಗುವುದಿಲ್ಲ. ಮೈಸೂರಿನ ಮಗುವಿಗೆ ವಿಕೆಟ್ಟೇ ಹೋಯಿತು.

ಆವತ್ತೇ ಒಂದು ಹಾಳೆಯಲ್ಲಿ ಆಟದ ಹಿಡಿತಗಳನ್ನೆಲ್ಲ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಈ ಆಟಕ್ಕೆ ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ಬೆರಳಿಂದ ಆಡಿಸುವ ಎರಡು ಪುಟ್ಟ ಸ್ಟಿಕ್ ಇರುತ್ತವೆ. ಎಡಗಡೆಯದ್ದು ಕಾಲಿಗೆ: ಮುಂದೆ ಬರಬೇಕಾ, ಹಿಂದೆ ಸರಿಯಬೇಕಾ. ಬಲಗಡೆಯದ್ದು ಬ್ಯಾಟಿಗೆ: ಯಾವ ಕಡೆ ಹೊಡೆಯಬೇಕು, ಯಾವಾಗ. ನಾನು 'ಎಡಗಡ್ಡಿ, ಬಲಗಡ್ಡಿ' ಅಂತ ಬರೆದೆ. ವ್ಯಾಕರಣಕ್ಕೆ ಸರಿ. ಓದಿದವಳು ನನ್ನ ಗಡ್ಡ ನೋಡಿ ನಕ್ಕಳು. ಈಗ ಎಡಕೋಲು, ಬಲಕೋಲು.

ಬಟನ್‌ಗೆ 'ಗುಂಡಿ' ನಡೆಯುವುದಿಲ್ಲ. ಘಟ್ಟದ ಮೇಲಿನವರಿಗೆ ಅದು ಅಂಗಿಯ ಗುಂಡಿ, ನಮ್ಮ ಕಡೆ ಗುಂಡಿ ಅಂದರೆ ಹೊಂಡ. "ಗುಂಡಿ ಒತ್ತಿ ಓಡು" ಅಂತ ಬರೆದರೆ ಬಿದ್ದೇ ಹೋಗುತ್ತಾರೆ. ನಮ್ಮಜ್ಜಿ ಅಂಗಿಯದ್ದಕ್ಕೆ 'ಗುಬ್ಬಿ' ಅನ್ನುತ್ತಿದ್ದರು. ಚೆಂದದ ಮಾತು, ಆದರೆ ಮಕ್ಕಳಿಗೆ ಹಕ್ಕಿ ನೆನಪಾಗುತ್ತದೆ. ಬಟನ್ ಬಟನ್ನಾಗಿಯೇ ಇರಲಿ.

ಸ್ಟಿಕ್ಕನ್ನು ಫ್ಲಿಕ್ ಮಾಡುವುದಕ್ಕೆ 'ಚಿಮ್ಮಿಸು' ಸಿಕ್ಕಿತು. ಕೇರಂ ಕಾಯಿಗೂ ಅದೇ ಮಾತು. ಇಲ್ಲಿಂದ ಹೆಚ್ಚು ದೂರವಿಲ್ಲದ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ಹಾಕುತ್ತಿದ್ದ ಫ್ಲಿಪ್ಪರ್ ಅನ್ನುವ ಎಸೆತ ಇದೆಯಲ್ಲ, ಅದೂ ಹೀಗೇ. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚಿಟಿಕೆ ಹೊಡೆದ ಹಾಗೆ ಚೆಂಡನ್ನು ಚಿಮ್ಮಿಸಬೇಕು. ಅಲ್ಲಿಯ ಮಾತು ಇಲ್ಲಿ ಬಂದರೆ ಯಾರಿಗೂ ಬೇಜಾರಾಗದು.

ಸಿಕ್ಕಿಕೊಂಡದ್ದು ಟೈಮಿಂಗ್‌ನಲ್ಲಿ. ಪಿಚ್ 22 ಗಜ, ಅಂದರೆ ಸುಮಾರು 20 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್ ಕೈ ಬಿಟ್ಟು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬ್ಯಾಟಿನ ಹತ್ತಿರ ಇರುತ್ತದೆ. ಅಷ್ಟರೊಳಗೆ ಎಡಗೈ ಕಾಲು ತೋರಿಸಬೇಕು, ಬಲಗೈ ಚಿಮ್ಮಿಸಬೇಕು. ಕಾಲು ಸರಿಯಿದ್ದೂ ಬೀಸಿದ್ದು ಬೇಗ ಆಗಬಹುದು, ತಡ ಆಗಬಹುದು. ಈ ಬೇಗ-ತಡಗಳ ನಡುವಿನ ಆ ಒಂದು ಗಳಿಗೆಗೆ ಏನನ್ನೋಣ?

'ಸಮಯ' ಗಡಿಯಾರದ್ದು. ದಾಂಡಿಗ, ಎಸೆತ, ಹುದ್ದರಿ (ವಿಕೆಟ್) ಅಂತೆಲ್ಲ ಬರೆದ ನಮ್ಮ ಪತ್ರಿಕೆಗಳೂ ಟೈಮಿಂಗ್ ಬಂದಾಗ ಟೈಮಿಂಗ್ ಅಂತಲೇ ಬಿಟ್ಟದ್ದನ್ನು ಎಷ್ಟೋ ಸಲ ಓದಿದ್ದೇನೆ. ಯಕ್ಷಗಾನದ ಊರಿನವರಾಗಿ 'ತಾಳ ತಪ್ಪಿತು' ಅನ್ನೋಣವೇ ಅಂದುಕೊಂಡೆ. ಆದರೆ ತಾಳ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಬೌಲರ್ ಹಾಗೆ ಬರುವುದಿಲ್ಲ.

ಉತ್ತರ ಬಂದದ್ದು ಅಡಿಗೆಮನೆ ಜಗಲಿಯಿಂದ. ಹಪ್ಪಳದ ಕಾಲ ಇದು. ಮನೆಯವಳು ಹಲಸಿನಕಾಯಿ ಸೀಳಿ, ಒಂದು ಸೊಳೆ ಕಿತ್ತು, ಹೆಬ್ಬೆರಳಲ್ಲಿ ಅದುಮಿ ನೋಡಿದಳು. "ಹದ ಮೀರಿದ್ದು, ಹಪ್ಪಳಕ್ಕೆ ಆಗ" ಅಂದಳು. ಪಕ್ಕದ ಇನ್ನೊಂದನ್ನು ಸೀಳಿ, "ಇದು ಎಳತ್ತು." ಎಳತ್ತಿಗೂ ಹಣ್ಣಿಗೂ ನಡುವೆ ಬೆಳೆದ ಕಾಯಿ ಸಿಗುವ ನಾಲ್ಕು ದಿನ ಇದೆಯಲ್ಲ, ಅದಕ್ಕೆ ಹದ. ಬೆಲ್ಲದ ಪಾಕಕ್ಕೂ ಇದೇ ಲೆಕ್ಕ: ಮೊದಲೇ ಇಳಿಸಿದರೆ ನೀರು, ಕ್ಷಣ ತಡವಾದರೆ ಕಲ್ಲು. ಅಂದರೆ ಹದ ಅನ್ನುವ ಮಾತಿನೊಳಗೇ ಬೇಗ ಮತ್ತು ತಡ ಎರಡೂ ಕೂತಿವೆ. ಸಮಯದಲ್ಲಿ ಅದು ಇಲ್ಲ.

ಒಂದು ತಕರಾರು ನನ್ನದೇ. ಹಲಸು ತಾನೇ ಹದಕ್ಕೆ ಬರುತ್ತದೆ, ನಾವು ಕಾಯುತ್ತೇವೆ. ಬ್ಯಾಟು ಹಾಗಲ್ಲ, ನಾವು ಬೀಸಬೇಕು. ಆದರೆ ಚೆಂಡು ಬರುತ್ತಿದೆಯಲ್ಲ? ಬ್ಯಾಟಿನ ಹತ್ತಿರ ಬರುವ ಚೆಂಡನ್ನು ಹದಕ್ಕೆ ಬರುತ್ತಿರುವ ಕಾಯಿ ಅಂತ ಎಣಿಸಿದರೆ ಸರಿಹೋಗುತ್ತದೆ ಅನ್ನಿಸುತ್ತದೆ. ಜಾಸ್ತಿ ಎಳೆದಾಡುತ್ತಿದ್ದೇನೋ, ನೀವೇ ಹೇಳಿ.

ಮಕ್ಕಳು ನನ್ನ ಹಾಳೆಗೆ ಕಾಯಲಿಲ್ಲ. ಬೇಗ ಬೀಸಿದರೆ "ಎಳತ್ತು!", ತಡವಾದರೆ "ಹಣ್ಣು!" ಅಂತ ಕೂಗಾಟ ಶುರುವಾಗಿದೆ. ಮಲಯಾಳದ ಹುಡುಗನೂ ಹಾಗೇ ಕೂಗುತ್ತಾನೆ. ನೇರತ್ತೆಯ ಗಲಾಟೆ ಮುಗಿಯಿತು.

ಈಗ ನನ್ನ ಪ್ರಶ್ನೆ. 'ಹದವಾಗಿ ಹೊಡೆದ', 'ಹದ ಮೀರಿ ಹೊಡೆದ' ಅಂತ ಬರೆದರೆ ಘಟ್ಟದ ಮೇಲಿನವರಿಗೆ ಹೊತ್ತಿನ ಅರ್ಥ ಹೊಳೆಯುತ್ತದಾ, ಅಥವಾ ಮೆಲ್ಲಗೆ ಹೊಡೆದ ಅಂತ ಕೇಳಿಸುತ್ತದಾ? ನಿಮ್ಮೂರಿನ ಚಿನ್ನಿದಾಂಡಿನಲ್ಲಿ ಚಿನ್ನಿ ಏಳುವ ಮೊದಲೇ ದಾಂಡು ಬೀಸಿದವನಿಗೆ ಏನನ್ನುತ್ತಿದ್ದರು?